ಎರಡು ಬಾಗಿಲು, ಎಂಟು ತಿಂಗಳು: ಬಿಎಸ್‌ಎಲ್-3 ಪ್ರಯೋಗಾಲಯದ ಒಳಹೋಗಲು ನಾನು ಪಟ್ಟ ಪಾಡು

ಎರಡು ವಾರಗಳ ಹಿಂದೆ ನನ್ನ ಹೆಸರಿನ ಪ್ರವೇಶಪತ್ರ ಕೈಗೆ ಬಂತು. ಅದನ್ನು ಬಾಗಿಲ ಪಕ್ಕದ ಪೆಟ್ಟಿಗೆಗೆ ತೋರಿಸಿದರೆ ಕ್ಷಯದ ಬ್ಯಾಕ್ಟೀರಿಯಾ ಬೆಳೆಸುವ, ಜೈವಿಕ ಸುರಕ್ಷತೆಯ ಮೂರನೆಯ ಹಂತದ, ಅಂದರೆ ಬಿಎಸ್‌ಎಲ್-3 ಪ್ರಯೋಗಾಲಯದ ಮೊದಲ ಬಾಗಿಲು ತೆರೆಯುತ್ತದೆ. ಅದು ಪೂರ್ತಿ ಮುಚ್ಚಿಕೊಳ್ಳುವವರೆಗೆ ಎರಡನೆಯ ಬಾಗಿಲು ತೆರೆಯುವುದಿಲ್ಲ. ಅರ್ಜಿ ಹಾಕಿದ್ದು ಜೂನ್ ತಿಂಗಳಲ್ಲಿ, ಪತ್ರ ಸಿಕ್ಕಿದ್ದು ಫೆಬ್ರವರಿಯಲ್ಲಿ. ಎರಡು ತಿಂಗಳಲ್ಲಿ ಮುಗಿಯುತ್ತದೆಂದು ನಂಬಿ ಬಾಡಿಗೆ ಮನೆಯ ಕರಾರಿನಿಂದ ಹಿಡಿದು ಫೆಲೋಶಿಪ್‌ನ ಲೆಕ್ಕಾಚಾರದವರೆಗೆ ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಂಡಿದ್ದ ನನಗೆ ಈ ಎಂಟು ತಿಂಗಳು ಬಹಳ ಕಲಿಸಿದವು, ಅಷ್ಟೇ ಸುಸ್ತು ಮಾಡಿದವು. ಪಿಎಚ್.ಡಿ. ಅಥವಾ ಅದರ ನಂತರದ ಸಂಶೋಧನೆಗಾಗಿ ಇಂಥ ಪ್ರಯೋಗಾಲಯಕ್ಕೆ ಹೊರಟಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಮುಂದೇನಿದೆ ಎಂಬುದು ಮೊದಲೇ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಂಸ್ಥೆ ಬೆಂಗಳೂರಿನಲ್ಲಿದೆ ಎಂಬುದಕ್ಕಿಂತ ಹೆಚ್ಚಿನ ಗುರುತು ಕೊಡುವುದಿಲ್ಲ.

ನಾನು ಸಾಗರದ ಕಡೆಯವಳು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದ ಕಥೆಯನ್ನು ಕೇಳುತ್ತಲೇ ಬೆಳೆದ ಊರು ನಮ್ಮದು. ಅರಳಗೋಡಿನ ಸುತ್ತ 2018-19ರಲ್ಲಿ ಮಂಗನ ಕಾಯಿಲೆ ಹಬ್ಬಿದಾಗ ನೆಂಟರ ಮನೆಗಳಿಗೆ ಹೋಗುವುದನ್ನೂ ನಿಲ್ಲಿಸಿದ್ದೆವು. ಹಾಗಾಗಿ ಈ ಕೆಲಸದ ಸುದ್ದಿ ಹೇಳಿದಾಗ ಅಮ್ಮ ಮೊದಲು ಕೇಳಿದ್ದು, "ಅದೇ ಮಂಗನ ಕಾಯಿಲೆಯ ಲ್ಯಾಬಾ?" ಎಂದು. ಅಲ್ಲ ಎಂದೆ. ಮಂಗನ ಕಾಯಿಲೆಯ ವೈರಾಣುವನ್ನು ನಮ್ಮ ದೇಶದಲ್ಲಿ ಅತಿ ಅಪಾಯಕಾರಿ ಗುಂಪಿಗೆ ಸೇರಿಸಲಾಗಿದೆ, ಅಂಥವುಗಳಿಗಾಗಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಬಿಎಸ್‌ಎಲ್-4 ಇದೆ, ನಮ್ಮದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ಕ್ಷಯದ್ದು ಎಂದು ವಿವರಿಸಿದೆ. "ಇಷ್ಟು ಓದಿದ್ದು ಕ್ಷಯ ಸಾಕೋಕಾ?" ಎಂದು ಅಮ್ಮ ಫೋನಿಟ್ಟರು. ದಶಕಗಳ ಹಿಂದೆ ಪುಣೆಯಲ್ಲಿ ಮಂಗನ ಕಾಯಿಲೆಯ ವೈರಾಣುವಿನೊಡನೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದ ಸಿಬ್ಬಂದಿಗೇ ಸೋಂಕು ತಗುಲಿದ್ದುಂಟು ಎಂಬುದು ನನಗೆ ಗೊತ್ತಿತ್ತು. ಅದನ್ನು ಅಮ್ಮನಿಗೆ ಹೇಳಲಿಲ್ಲ.

ಮೊದಲ ಮೂರು ತಿಂಗಳು ಬರೀ ಕಾಗದದವು. ನನ್ನ ಯೋಜನೆಯಲ್ಲಿ ಕ್ಷಯದ ಬ್ಯಾಕ್ಟೀರಿಯಾಕ್ಕೆ ಬೆಳಕು ಸೂಸುವ ಒಂದು ವಂಶವಾಹಿಯನ್ನು ಸೇರಿಸಿ, ಔಷಧಿ ಹಾಕಿದಾಗ ಬೆಳಕು ಎಷ್ಟು ಕುಂದುತ್ತದೆ ಎಂದು ಅಳೆಯುವುದಿದೆ. ವಂಶವಾಹಿ ಬದಲಿಸಿದ ಜೀವಿ ಎಂದೊಡನೆ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ 1989ರ ನಿಯಮಗಳು ಅನ್ವಯಿಸುತ್ತವೆ. ಮೊದಲು ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಒಪ್ಪಬೇಕು; ಮೂರನೆಯ ಅಪಾಯ ಗುಂಪಿನ ಜೀವಿಯಾದ್ದರಿಂದ ಅಲ್ಲಿಂದ ಕಡತ ದೆಹಲಿಯ ಜೈವಿಕ ತಂತ್ರಜ್ಞಾನ ಇಲಾಖೆಯ ಪರಿಶೀಲನಾ ಸಮಿತಿಗೂ ಹೋಗಬೇಕು. ಸಂಸ್ಥೆಯ ಸಮಿತಿಯಲ್ಲಿ ಇಲಾಖೆಯ ಪ್ರತಿನಿಧಿಯೊಬ್ಬರು ಇರುತ್ತಾರೆ. ಜುಲೈ ಸಭೆ ಅವರಿಗೆ ಬಿಡುವಿಲ್ಲದೆ ಮುಂದೆ ಹೋಯಿತು, ಆಗಸ್ಟ್ ಸಭೆ ಬೇರೆ ಸದಸ್ಯರು ಸಾಕಷ್ಟು ಮಂದಿ ಸೇರದೆ ಮುಂದೆ ಹೋಯಿತು. ಸಭೆಗಳು ವರ್ಷದಲ್ಲಿ ಕೆಲವೇ ಬಾರಿ ನಡೆಯುವುದರಿಂದ ಒಂದು ತಪ್ಪಿದರೆ ವಾರಗಳಲ್ಲ, ತಿಂಗಳುಗಳೇ ಕೈಬಿಡುತ್ತವೆ. ನೀವು ಸಂಸ್ಥೆಗೆ ಸೇರುವ ದಿನಾಂಕ ಗೊತ್ತಾದ ಕೂಡಲೇ, ಇನ್ನೂ ಊರಿನಲ್ಲಿರುವಾಗಲೇ, ಮುಂದಿನ ಸಭೆ ಯಾವಾಗ, ಅದಕ್ಕೆ ಕಡತ ಒಪ್ಪಿಸುವ ಕೊನೆಯ ದಿನ ಯಾವುದು ಎಂದು ಮಿಂಚಂಚೆಯಲ್ಲಿ ಕೇಳಿಟ್ಟುಕೊಳ್ಳಿ.

ಸೆಪ್ಟೆಂಬರಿನಲ್ಲಿ ಸಭೆ ಕೊನೆಗೂ ಸೇರಿದಾಗ ನನ್ನ ಕಡತ ಒಂದೇ ಪ್ರಶ್ನೆಯೊಂದಿಗೆ ಹಿಂದಿರುಗಿತು: "ಒಂದು ಬಾರಿಗೆ ಎಷ್ಟು ಮಿಲಿಲೀಟರ್?" ಅಪಾಯದ ಅಂದಾಜು ಎಂಬ ಶೀರ್ಷಿಕೆಯಡಿ ನಾನು ಬ್ಯಾಕ್ಟೀರಿಯಾದ ಗುಣಗಳ ಬಗ್ಗೆ ಆರು ಪುಟ ಬರೆದಿದ್ದೆ. ಸಮಿತಿಗೆ ಅದು ಬೇಕಿರಲಿಲ್ಲ, ಕ್ಷಯ ಎಂದರೇನು ಎಂಬುದು ಅವರಿಗೆ ಗೊತ್ತು. ದ್ರವವನ್ನು ಯಾವಾಗ ಕುಲುಕುತ್ತೀರಿ, ಯಾವಾಗ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತೀರಿ, ಎಲ್ಲಿ ಮುಚ್ಚಳ ತೆರೆಯುತ್ತೀರಿ, ಒಂದು ಕೊಳವೆ ಒಡೆದರೆ ಎಷ್ಟು ಚೆಲ್ಲುತ್ತದೆ ಎಂಬುದು ಅವರಿಗೆ ಬೇಕಿತ್ತು. ಕ್ಷಯ ಹರಡುವುದು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಗಾಳಿಯಲ್ಲಿ ತೇಲುವ ಹನಿಗಳಿಂದ. ಆ ಹನಿಗಳನ್ನು ಹುಟ್ಟಿಸುವುದು ಕುಲುಕುವ, ತಿರುಗಿಸುವ, ಪಿಪೆಟ್‌ನಿಂದ ಜೋರಾಗಿ ಊದುವ ನಮ್ಮದೇ ಕೈಗಳು. ಆ ಆರು ಪುಟಗಳನ್ನು ತೆಗೆದುಹಾಕಿ, ಬೆಳಗ್ಗೆ ಒಳಹೋಗುವುದರಿಂದ ಸಂಜೆ ತ್ಯಾಜ್ಯವನ್ನು ಆಟೋಕ್ಲೇವ್‌ನಲ್ಲಿ ಬೇಯಿಸುವವರೆಗೆ ನನ್ನ ಕೈ ಏನೇನು ಮಾಡುತ್ತದೆ ಎಂಬುದನ್ನು ಒಂದೊಂದಾಗಿ ಬರೆದು, ಪ್ರತಿಯೊಂದರ ಎದುರಿಗೆ ಪ್ರಮಾಣವನ್ನೂ ತಡೆಯ ಕ್ರಮವನ್ನೂ ಸೇರಿಸಿದೆ. ಈ ಬಾರಿ ಕಡತ ಮುಂದಕ್ಕೆ ಹೋಯಿತು. ಮೊದಲೇ ಹೀಗೆ ಬರೆದಿದ್ದರೆ ಐದು ವಾರ ಉಳಿಯುತ್ತಿದ್ದವು.

ದೆಹಲಿಯ ಉತ್ತರಕ್ಕೆ ಕಾಯುತ್ತಿದ್ದ ಹೊತ್ತಿನಲ್ಲೇ ವೈದ್ಯಕೀಯ ಪರೀಕ್ಷೆ ನಡೆಯಿತು. ಎದೆಯ ಎಕ್ಸ್-ರೇ, ರಕ್ತದಲ್ಲಿನ ಸಕ್ಕರೆ, ಹೆಪಟೈಟಿಸ್-ಬಿ ಲಸಿಕೆಯ ದಾಖಲೆ, ಮುಂದೆಂದಾದರೂ ಹೋಲಿಸಿ ನೋಡಲು ತೆಗೆದಿಡುವ ರಕ್ತದ ಮಾದರಿ, ಮತ್ತು ಕ್ಷಯದ ಸೋಂಕು ಮೈಯಲ್ಲಿ ಮೊದಲೇ ಇದೆಯೇ ಎಂದು ತಿಳಿಸುವ ಇಗ್ರಾ ಎಂಬ ರಕ್ತಪರೀಕ್ಷೆ ಪಟ್ಟಿಯಲ್ಲಿದ್ದವು. ಹೆಪಟೈಟಿಸ್ ಲಸಿಕೆಯ ಮೂರು ಚುಚ್ಚುಮದ್ದುಗಳು ಮುಗಿಯಲು ಆರು ತಿಂಗಳು ಹಿಡಿಯುತ್ತವೆ; ಹಾಕಿಸಿಕೊಂಡಿಲ್ಲದವರು ಇಂದೇ ಶುರುಮಾಡುವುದು ಒಳ್ಳೆಯದು. ಗರ್ಭಿಣಿಯೇ, ಮಧುಮೇಹವಿದೆಯೇ, ಸ್ಟೀರಾಯ್ಡ್ ಸೇವಿಸುತ್ತಿದ್ದೀರಾ ಎಂಬ ಪ್ರಶ್ನೆಗಳೂ ಅರ್ಜಿಯಲ್ಲಿದ್ದವು. ಅವು ಕುತೂಹಲಕ್ಕಾಗಿ ಕೇಳಿದವಲ್ಲ, ಸೋಂಕು ತಗುಲಿದರೆ ಅದು ರೋಗವಾಗಿ ಬೆಳೆಯುವ ಸಾಧ್ಯತೆಯೂ ಕೊಡಬಹುದಾದ ಔಷಧಿಗಳೂ ಈ ಉತ್ತರಗಳನ್ನು ಅವಲಂಬಿಸಿವೆ. ಆದರೂ ಆ ಹಾಳೆ ಆಡಳಿತ ವಿಭಾಗದ ಮೂರು ಮೇಜುಗಳನ್ನು ದಾಟಿ ಹೋಗುವುದು ನನಗೆ ಸರಿಕಾಣಲಿಲ್ಲ. ಲಕೋಟೆಯಲ್ಲಿಟ್ಟು ನೇರವಾಗಿ ವೈದ್ಯರ ಕೈಗೇ ಕೊಡುತ್ತೇನೆ ಎಂದು ಕೇಳಿದೆ, ಒಪ್ಪಿದರು. ನೀವೂ ಕೇಳಿ.

ಇಗ್ರಾ ಪಾಸಿಟಿವ್ ಬಂತು. ಖಾಸಗಿ ಲ್ಯಾಬಿನ ವರದಿಯನ್ನು ನಾನು ಬಸ್ಸಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಓದಿದೆ. ಪ್ರಯೋಗಾಲಯದ ಬಾಗಿಲನ್ನು ಮುಟ್ಟುವ ಮೊದಲೇ ಕ್ಷಯದ ಬ್ಯಾಕ್ಟೀರಿಯಾ ನನ್ನೊಳಗೆ ಎಂದೋ ಬಂದು ಕುಳಿತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಕೆಲಸ ಹೋಯಿತು ಎಂದೇ ಎಣಿಸಿದೆ. ಮರುದಿನ ಶ್ವಾಸಕೋಶ ತಜ್ಞರು ಎಕ್ಸ್-ರೇ ನೋಡಿ, ಕೆಮ್ಮು ಜ್ವರ ತೂಕ ಎಲ್ಲವನ್ನೂ ವಿಚಾರಿಸಿ, ಇದು ಸುಪ್ತ ಸೋಂಕು, ರೋಗವಲ್ಲ, ನಿಮ್ಮಿಂದ ಯಾರಿಗೂ ಹರಡುವುದಿಲ್ಲ ಎಂದರು. 2019-21ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹದಿನೈದು ದಾಟಿದವರ ಪೈಕಿ ಶೇಕಡಾ 31ರಷ್ಟು ಮಂದಿಯಲ್ಲಿ ಇಂಥ ಸೋಂಕು ಕಂಡಿತ್ತು ಎಂಬುದನ್ನು ನಾನೇ ನನ್ನ ಯೋಜನೆಯ ಪೀಠಿಕೆಯಲ್ಲಿ ಬರೆದಿದ್ದೆ. ಆ ಅಂಕಿಯಲ್ಲಿ ನಾನೂ ಇರಬಹುದೆಂದು ಬರೆಯುವಾಗ ಹೊಳೆದಿರಲಿಲ್ಲ. ತಡೆಯ ಔಷಧಿ ಬೇಕೇ ಬೇಡವೇ ಎಂಬುದನ್ನು ಆಯಾ ವ್ಯಕ್ತಿಯ ಸ್ಥಿತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ. ನನ್ನ ವಿಷಯದಲ್ಲಿ ಸದ್ಯಕ್ಕೆ ಗಮನವಿಟ್ಟರೆ ಸಾಕು ಎಂದಾಯಿತು. ಆದರೆ ಇದರಿಂದ ಒಂದು ತೊಡಕುಂಟು. ಮೊದಲೇ ಪಾಸಿಟಿವ್ ಇರುವವರಿಗೆ ಮುಂದೆ ಪ್ರಯೋಗಾಲಯದಲ್ಲಿ ಹೊಸದಾಗಿ ಸೋಂಕು ತಗುಲಿದರೆ ಈ ಪರೀಕ್ಷೆಯಿಂದ ಅದು ತಿಳಿಯುವುದಿಲ್ಲ, ಆದ್ದರಿಂದ ಲಕ್ಷಣಗಳ ಪಟ್ಟಿಯನ್ನು ಪ್ರಾಮಾಣಿಕವಾಗಿ ತುಂಬುವುದೂ ನಿಗದಿತ ಕಾಲಕ್ಕೆ ಎಕ್ಸ್-ರೇ ತೆಗೆಸುವುದೂ ನಮಗೆ ಬೇರೆಯವರಿಗಿಂತ ಮುಖ್ಯ. ಪರೀಕ್ಷೆಗೆ 2,400 ರೂಪಾಯಿ, ತಜ್ಞರಿಗೆ 800, ಎಕ್ಸ್-ರೇಗೆ 450 ನನ್ನ ಜೇಬಿನಿಂದಲೇ ಹೋದವು. ಮೂಲ ರಸೀದಿ ಇಲ್ಲದೆ ಹಣ ಮರಳುವುದಿಲ್ಲವೆಂದು ಆಮೇಲೆ ತಿಳಿಯಿತು. ಎಕ್ಸ್-ರೇಯ ರಸೀದಿ ಕಳೆದಿತ್ತು.

ನವೆಂಬರಿನಲ್ಲಿ ಮುಖಗವಸಿನ ಫಿಟ್ ಟೆಸ್ಟ್. ಎನ್-95 ಎಂಬ ಮೊಹರಿದ್ದ ಮಾತ್ರಕ್ಕೆ ಅದು ನಿಮ್ಮನ್ನು ಕಾಯುವುದಿಲ್ಲ, ನಿಮ್ಮ ಮುಖಕ್ಕೆ ಅದು ಸಂದಿಲ್ಲದಂತೆ ಕೂರಬೇಕು. ತಲೆಯ ಮೇಲೆ ಪಾರದರ್ಶಕ ಮುಸುಕು ಹಾಕಿ ಅದರೊಳಕ್ಕೆ ಅತಿ ಕಹಿಯಾದ ದ್ರಾವಣವನ್ನು ಸಿಂಪಡಿಸುತ್ತಾರೆ. ಮೊದಲು ಗವಸಿಲ್ಲದೆ, ನಿಮಗೆ ಆ ಕಹಿ ತಿಳಿಯುತ್ತದೆಯೇ ಎಂದು ನೋಡಲು, ಆಮೇಲೆ ಗವಸು ಹಾಕಿಸಿ. ಉಸಿರಾಡಿ, ಆಳವಾಗಿ ಉಸಿರಾಡಿ, ಕತ್ತು ಆ ಕಡೆ ಈ ಕಡೆ ತಿರುಗಿಸಿ, ಮೇಲೆ ಕೆಳಗೆ ಮಾಡಿ, ಮಾತಾಡಿ ಎಂದು ಒಂದೊಂದು ನಿಮಿಷ ಮಾಡಿಸುತ್ತಾರೆ. ಏನು ಮಾತಾಡಲಿ ಎಂದು ತೋಚದೆ ಹತ್ತೊಂಬತ್ತರ ಮಗ್ಗಿ ಹೇಳತೊಡಗಿದೆ. ಹತ್ತೊಂಬತ್ತೈದಲ ತೊಂಬತ್ತೈದು ಎನ್ನುವಷ್ಟರಲ್ಲಿ ನಾಲಿಗೆ ಕಹಿಯಾಯಿತು. ಗವಸಿನ ಅಂಚು ನನ್ನ ಮೂಗುಬೊಟ್ಟಿನ ಮೇಲೆ ಹತ್ತಿ ಕೂತಿತ್ತು.

ಮೂಗುಬೊಟ್ಟು ತೆಗೆಯುವುದು ಹೊರಗಿನವರಿಗೆ ಸಣ್ಣ ಸಂಗತಿ. ನನಗೆ ಅದನ್ನು ಹನ್ನೊಂದನೆಯ ವಯಸ್ಸಿನಲ್ಲಿ ಅಜ್ಜಿ ಚುಚ್ಚಿಸಿದ್ದು, ಅಂದಿನಿಂದ ತೆಗೆದೇ ಇರಲಿಲ್ಲ. ಬಳೆ, ಉಂಗುರ, ಕರಿಮಣಿ ಸರಗಳನ್ನೂ ಹೊರಗಿನ ಲಾಕರ್‌ನಲ್ಲಿಡಬೇಕಿತ್ತು. ಅವನ್ನು ಸಂಜೆ ಮತ್ತೆ ಹಾಕಿಕೊಳ್ಳಬಹುದು, ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಮೂಗುಬೊಟ್ಟನ್ನು ದಿನಾ ತೆಗೆದು ಹಾಕಿದ್ದರಿಂದ ಒಂದೇ ವಾರದಲ್ಲಿ ಮೂಗು ಊದಿಕೊಂಡಿತು, ಕೊನೆಗೆ ತೆಗೆದೇಬಿಟ್ಟೆ. ದೀಪಾವಳಿಗೆ ಊರಿಗೆ ಹೋದಾಗ ಅತ್ತೆಯವರು ಏನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಹೆಚ್ಚು ಮುಜುಗರವಾಯಿತು. ಗಂಡಸರಿಗೆ ಇದೇ ಪಾಡು ಗಡ್ಡದ್ದು. ಒಂದು ದಿನದ ಕುರುಚಲು ಗಡ್ಡವೂ ಗವಸಿನ ಅಂಚಿನಲ್ಲಿ ಗಾಳಿಗೆ ದಾರಿ ಬಿಡುತ್ತದೆ. ಧರ್ಮದ ಕಾರಣಕ್ಕೋ ಹರಕೆಯ ಕಾರಣಕ್ಕೋ ಗಡ್ಡ ತೆಗೆಯಲಾರದವರು ಮೊದಲೇ ತಿಳಿಸಿದರೆ, ತಲೆಯನ್ನೆಲ್ಲ ಮುಚ್ಚಿ ಬ್ಯಾಟರಿಯಿಂದ ಶುದ್ಧ ಗಾಳಿ ಊದುವ ಪಿಎಪಿಆರ್ ಎಂಬ ಸಾಧನವನ್ನು ಕೇಳಿ ಪಡೆಯಬಹುದು. ಅದು ದುಬಾರಿ, ಎಲ್ಲ ಕಡೆ ಇರುವುದಿಲ್ಲ.

ತರಬೇತಿಯ ಮೊದಲ ವಾರ ಉಪನ್ಯಾಸಗಳು. ಅವುಗಳಲ್ಲಿ ಬಹುಪಾಲನ್ನು ಮರೆತಿದ್ದೇನೆ, ಹಳೆಯ ಅಪಘಾತಗಳ ಕಥೆಗಳನ್ನು ಮಾತ್ರ ಮರೆತಿಲ್ಲ. 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿಡುಬಿನ ಪ್ರಯೋಗಾಲಯದ ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಛಾಯಾಗ್ರಾಹಕಿ ಜಾನೆಟ್ ಪಾರ್ಕರ್ ಸಿಡುಬಿನಿಂದ ತೀರಿಕೊಂಡರು. ಆ ರೋಗದಿಂದ ಸತ್ತ ಕೊನೆಯ ವ್ಯಕ್ತಿ ಅವರೇ. 2003ರಲ್ಲಿ ಸಿಂಗಾಪುರದಲ್ಲಿ ವೆಸ್ಟ್ ನೈಲ್ ವೈರಾಣುವಿನ ಕೆಲಸಕ್ಕೆಂದು ಬಂದ ವಿದ್ಯಾರ್ಥಿಯೊಬ್ಬನಿಗೆ ಸಾರ್ಸ್ ತಗುಲಿತು, ಅವನು ಬಳಸಿದ ಮಾದರಿಯಲ್ಲಿ ಸಾರ್ಸ್ ವೈರಾಣು ಬೆರೆತಿತ್ತು. 2019ರಲ್ಲಿ ಚೀನಾದ ಲಾನ್‌ಝೌನಲ್ಲಿ ಪ್ರಾಣಿಗಳ ಲಸಿಕೆ ತಯಾರಿಸುವ ಕಾರ್ಖಾನೆಯೊಂದು ಅವಧಿ ಮೀರಿದ ಸೋಂಕುನಿವಾರಕ ಬಳಸಿದ್ದರಿಂದ ಹೊರಹೋಗುವ ಗಾಳಿಯೊಂದಿಗೆ ಬ್ರೂಸೆಲ್ಲಾ ಬ್ಯಾಕ್ಟೀರಿಯಾ ಹೊರಬಿದ್ದು, ಹತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಈ ಕೊನೆಯ ಕಥೆಯನ್ನು ಹೇಳಿದ ಹಿರಿಯ ತಂತ್ರಜ್ಞರು ನಮ್ಮನ್ನೆಲ್ಲ ಎಬ್ಬಿಸಿ ನಮ್ಮದೇ ಸಾಮಾನ್ಯ ಪ್ರಯೋಗಾಲಯದ ಕಪಾಟಿನಲ್ಲಿದ್ದ ಹೈಪೋಕ್ಲೋರೈಟ್ ಬಾಟಲಿಗಳ ಮೇಲೆ ತಯಾರಿಸಿದ ದಿನಾಂಕ ಹುಡುಕಲು ಹೇಳಿದರು. ಏಳರಲ್ಲಿ ಮೂರಕ್ಕೆ ದಿನಾಂಕವೇ ಇರಲಿಲ್ಲ; ಆ ಮೂರರಲ್ಲಿ ಒಂದು ನನ್ನದು.

ಎರಡನೆಯ ವಾರದಿಂದ ಕೈಗಳಿಗೆ ಪಾಠ. ರೋಗಾಣುವಿಲ್ಲದ ಅಣಕು ಕೋಣೆಯಲ್ಲಿ ಕೊಳವೆಗಳಲ್ಲಿ ಫ್ಲೋರೆಸಿನ್ ಬಣ್ಣ ಬೆರೆಸಿದ ನೀರನ್ನಿಟ್ಟು, ಅದೇ ಕ್ಷಯ ಎಂದು ಭಾವಿಸಿ ಕೆಲಸ ಮಾಡಬೇಕು. ಮುಂಭಾಗ ತೆರೆದಿದ್ದು ಗಾಳಿಯನ್ನು ಒಳಕ್ಕೆಳೆದು ಸೋಸುವ ಪೆಟ್ಟಿಗೆಯಂಥ ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ ಕೈಗಳನ್ನು ನೇರವಾಗಿ, ನಿಧಾನವಾಗಿ ತೂರಿಸಿ, ಗಾಳಿಯ ಹರಿವು ಸ್ಥಿರವಾಗಲು ಒಂದು ನಿಮಿಷ ಸುಮ್ಮನಿರಬೇಕು. ಮುಂದಿನ ಜಾಲರಿಯ ಮೇಲೆ ಕಾಗದ, ಪೆನ್ನು, ಮೊಣಕೈ ಯಾವುದೂ ಇರಕೂಡದು, ಏಕೆಂದರೆ ನಮಗೂ ರೋಗಾಣುವಿಗೂ ನಡುವೆ ಇರುವ ಗೋಡೆ ಆ ಜಾಲರಿಯೊಳಕ್ಕೆ ಇಳಿಯುವ ಗಾಳಿ ಮಾತ್ರ. ಎಲ್ಲ ಮುಗಿಸಿ ಕವಚಗಳನ್ನು ಕಳಚಿದ ಮೇಲೆ ದೀಪವಾರಿಸಿ ನೇರಳಾತೀತ ದೀಪ ಹಿಡಿಯುತ್ತಾರೆ. ಮೊದಲ ದಿನ ನನ್ನ ಎಡ ಮಣಿಕಟ್ಟು, ಕಿವಿಯ ಹಿಂಭಾಗ, ಹಾಗೂ ಬಾಗಿಲ ಹಿಡಿ ಹಸಿರಾಗಿ ಹೊಳೆದವು. ಕಿವಿಯನ್ನು ಯಾವಾಗ ಮುಟ್ಟಿಕೊಂಡೆ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ತಪ್ಪು ಆಗಿದ್ದದ್ದು ಕೆಲಸದಲ್ಲಲ್ಲ, ಕಳಚುವುದರಲ್ಲಿ: ಕೆಲಸ ಮುಗಿಯಿತೆಂಬ ನಿರಾಳದಲ್ಲಿ ಹೊರಗಿನ ಗ್ಲೌಸಿನ ಅಂಚನ್ನು ಬರಿ ಬೆರಳಿಂದ ಎಳೆದಿದ್ದೆ. ಹನ್ನೊಂದನೆಯ ಪ್ರಯತ್ನದಲ್ಲಿ ಎಲ್ಲೂ ಹೊಳೆಯಲಿಲ್ಲ. ಆದರೆ ನಿಯಮದಂತೆ ಸತತ ಮೂರು ಬಾರಿ ಹೊಳೆಯಬಾರದು. ಅದಕ್ಕೆ ಇನ್ನೊಂದು ವಾರ ಹಿಡಿಯಿತು.

ದೆಹಲಿಯ ಒಪ್ಪಿಗೆ ಡಿಸೆಂಬರಿನಲ್ಲಿ ಬಂತು, ತಂತ್ರಜ್ಞರೊಂದಿಗೆ ನಿಜವಾದ ಕೋಣೆಗೆ ಹೋಗಲು ಶುರುಮಾಡಿದೆ. ಒಳಗೆ ಭಯಕ್ಕಿಂತ ಮೊದಲು ಅನುಭವಕ್ಕೆ ಬರುವುದು ಸದ್ದು: ಕೋಣೆಯ ಒತ್ತಡವನ್ನು ಹೊರಗಿಗಿಂತ ಕಡಿಮೆ ಇಡಲು ಸದಾ ಗಾಳಿ ಎಳೆಯುವ ಯಂತ್ರಗಳ ಒಂದೇ ಸಮನೆಯ ಹೂಂಕಾರ. ಗವಸಿನೊಳಗಿನಿಂದ ಮಾತು ಕೇಳಿಸುವುದಿಲ್ಲವಾದ್ದರಿಂದ ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕವಚ ತೊಟ್ಟ ಮೇಲೆ ಮೂರು ತಾಸು ನೀರಿಲ್ಲ, ಶೌಚಾಲಯವಿಲ್ಲ. ಒಳಹೋಗುವ ದಿನ ಬೆಳಗಿನ ಎರಡನೆಯ ಕಾಫಿಯನ್ನು ಬಿಟ್ಟೆ. ಮುಟ್ಟಿನ ದಿನಗಳಲ್ಲಿ ಒಳಗಿನ ಕೆಲಸವನ್ನು ಮುಂದೂಡಿ ಎಂದು ಕೇಳುವುದಕ್ಕೆ ನಾಚಬೇಕಿಲ್ಲ. ನನಗೆ ಯಾರೂ ಇದನ್ನು ಹೇಳಿರಲಿಲ್ಲ, ಮೊದಲ ಬಾರಿ ಬಹಳ ಕಷ್ಟಪಟ್ಟೆ. ಒಳಕ್ಕೆ ಹೋದ ನೋಟುಪುಸ್ತಕ ಮರಳಿ ಬರುವುದಿಲ್ಲ, ಬರೆದದ್ದನ್ನು ಒಳಗಿನ ಸ್ಕ್ಯಾನರ್ ಮೂಲಕವೇ ಹೊರಗೆ ಕಳಿಸಬೇಕು, ಹಾಗಾಗಿ ಅಕ್ಷರ ದೊಡ್ಡದಾಗಿರಲಿ.

ಜನವರಿಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಜನರೇಟರಿಗೆ ಬದಲಾಗುವ ಕೆಲವು ಸೆಕೆಂಡುಗಳಲ್ಲಿ ಕ್ಯಾಬಿನೆಟ್ಟಿನ ಗಾಳಿ ನಿಂತು ಎಚ್ಚರಿಕೆಯ ಗಂಟೆ ಕೂಗಿತು. ನನ್ನ ಮುಂದೆ ಮುಚ್ಚಳ ತೆರೆದ ಒಂದು ಕೊಳವೆಯಿತ್ತು. ಕಲಿತ ಪಾಠದ ಪ್ರಕಾರ ಕೈಗಳನ್ನು ಒಳಗೇ ಇಟ್ಟು, ಕೊಳವೆಗೆ ಮುಚ್ಚಳ ಹಾಕಿ, ಆಮೇಲೆ ನಿಧಾನವಾಗಿ ಹಿಂದೆ ಸರಿಯಬೇಕಿತ್ತು. ನಾನು ಬೆಂಕಿ ತಾಗಿದವಳಂತೆ ಎರಡೂ ಕೈಗಳನ್ನು ಸರಕ್ಕನೆ ಹೊರಗೆಳೆದುಕೊಂಡೆ. ಏನೂ ಚೆಲ್ಲಲಿಲ್ಲ. ತಂತ್ರಜ್ಞರೇ ಕೊಳವೆಯನ್ನು ಮುಚ್ಚಿ, ನನ್ನನ್ನು ಹೊರಗೆ ಕರೆತಂದು, ಸ್ನಾನ ಮಾಡಿ ಬರಲು ಹೇಳಿ, ಘಟನಾ ವರದಿಯ ಹಾಳೆಯನ್ನು ಮುಂದಿಟ್ಟರು.

ಬರೆಯುವ ಮನಸ್ಸಿರಲಿಲ್ಲ. ಅಂತಿಮ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ವರದಿ ಹೋದರೆ ಅದು ಮುಂದೆ ಹೋಗುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು. "ಏನೂ ಆಗಲಿಲ್ಲವಲ್ಲ ಸರ್" ಎಂದೆ. "ನೋಡಮ್ಮ, ಏನೂ ಆಗದೆ ಇರುವಾಗ ಬರೆಯೋದು ಸುಲಭ, ಆದ ಮೇಲೆ ಯಾರಿಗೂ ಕೈ ಓಡಲ್ಲ" ಎಂದು ಅವರು ಪೆನ್ನು ಕೊಟ್ಟರು. ಬರೆದೆ: ಸಮಯ, ಕೊಳವೆಯಲ್ಲಿದ್ದ ಪ್ರಮಾಣ, ಕೈಗಳನ್ನು ಎಳೆದುಕೊಂಡದ್ದು, ಎಲ್ಲವನ್ನೂ. ಪರೀಕ್ಷೆ ಮುಂದೆ ಹೋಯಿತು. ಸಹಿ ಹಾಕಬೇಕಾದ ಒಬ್ಬರು ರಜೆಯಲ್ಲಿದ್ದು, ಅವರ ಬದಲಿಗೆ ಯಾರು ಸಹಿ ಮಾಡಬೇಕೆಂಬುದು ಯಾವ ಆದೇಶದಲ್ಲೂ ಇರದೆ ಹತ್ತೊಂಬತ್ತು ದಿನ ಹಾಳೆ ಕದಲಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ. ಆದರೆ ವಿಚಾರಣೆ ಕೊನೆಗೆ ನಡೆದಾಗ ನನ್ನ ಕೈಗಳಿಗಿಂತ ಹೆಚ್ಚು ಹೊತ್ತು ಮಾತು ನಡೆದದ್ದು ಯಂತ್ರದ ಬಗ್ಗೆ. ಕರೆಂಟು ಹೋದರೂ ಕ್ಯಾಬಿನೆಟ್ಟು ನಿಲ್ಲದಂತೆ ಕಾಯಬೇಕಿದ್ದ ಯುಪಿಎಸ್‌ನ ಬ್ಯಾಟರಿಗಳು ಸತ್ತಿದ್ದವು. ಅದಕ್ಕೂ ಹಿಂದಿನ ಮೂರು ತಿಂಗಳಲ್ಲಿ ಇನ್ನಿಬ್ಬರಿಗೆ ಹೀಗೇ ಆಗಿತ್ತು, ಇಬ್ಬರೂ ಬರೆದಿರಲಿಲ್ಲ. ನನ್ನ ಹಾಳೆ ನೋಡಿದ ಮೇಲೆ ಬಂದು ಹೇಳಿದರು. ಬ್ಯಾಟರಿಗಳನ್ನು ಬದಲಿಸಿದ ದಿನಾಂಕದ ಚೀಟಿ ಈಗ ಕ್ಯಾಬಿನೆಟ್ಟಿನ ಪಕ್ಕದಲ್ಲೇ ಅಂಟಿದೆ. ನೀವು ಯಾವುದೇ ಪ್ರಯೋಗಾಲಯಕ್ಕೆ ಸೇರುವ ಮೊದಲು ಅವರ ಘಟನಾ ವರದಿಗಳ ಪುಸ್ತಕವನ್ನು ಒಮ್ಮೆ ನೋಡಲು ಕೇಳಿ. ವರ್ಷಗಟ್ಟಲೆ ಖಾಲಿಯಿರುವ ಪುಸ್ತಕ ಕಂಡರೆ ನನಗಾದರೆ ಧೈರ್ಯ ಬರುವುದಿಲ್ಲ.

ಅಂತಿಮ ಪರೀಕ್ಷೆ ಫೆಬ್ರವರಿಯಲ್ಲಿ ನಡೆಯಿತು. ಕೊಳವೆಯೊಂದು ಕ್ಯಾಬಿನೆಟ್ಟಿನ ಹೊರಗೆ ನೆಲದ ಮೇಲೆ ಒಡೆದಿದೆ ಎಂದು ಭಾವಿಸಿ: ಉಸಿರು ಬಿಗಿಹಿಡಿದು ಜೊತೆಗಾರರನ್ನು ಎಚ್ಚರಿಸಿ, ಇಬ್ಬರೂ ಹೊರಬಂದು, ಬಾಗಿಲಿಗೆ ಫಲಕ ಹಾಕಿ, ತೇಲುವ ಹನಿಗಳನ್ನು ಗಾಳಿಯಂತ್ರಗಳು ಎಳೆದುಕೊಳ್ಳುವವರೆಗೆ ಕನಿಷ್ಠ ಅರ್ಧ ತಾಸು ಕಾದು, ಹೊಸ ಕವಚ ತೊಟ್ಟು ಮರಳಿ, ಚೆಲ್ಲಿದ ಜಾಗದ ಮೇಲೆ ಬಟ್ಟೆ ಹಾಸಿ, ಅಂಚಿನಿಂದ ನಡುವಿನ ಕಡೆಗೆ ಸೋಂಕುನಿವಾರಕ ಸುರಿಯಬೇಕು. ಅರ್ಧ ತಾಸು ಸುಮ್ಮನೆ ನಿಲ್ಲುವುದೇ ಅತಿ ಕಷ್ಟದ ಭಾಗ, ಕೈ ತಾನಾಗಿಯೇ ಒರೆಸಲು ಹೋಗುತ್ತದೆ. ಬಾಟಲಿಯನ್ನು ಕೈಗೆತ್ತಿಕೊಂಡವಳು ಮೊದಲು ದಿನಾಂಕ ಓದಿದೆ. ಪರೀಕ್ಷಕರು ಬೇಕೆಂದೇ ಹಳೆಯದನ್ನು ಇಟ್ಟಿದ್ದರು.

ಪ್ರವೇಶಪತ್ರದ ಅವಧಿ ಒಂದು ವರ್ಷ. ಫಿಟ್ ಟೆಸ್ಟ್ ಮತ್ತು ಎಕ್ಸ್-ರೇಗಳನ್ನು ಅದು ಮುಗಿಯುವ ಮೊದಲು ಮತ್ತೆ ಮಾಡಿಸಬೇಕು. ತೂಕ ಬಹಳ ಇಳಿದರೆ ಅಥವಾ ಏರಿದರೆ ಗವಸಿನ ಪರೀಕ್ಷೆ ಅದಕ್ಕಿಂತ ಮುಂಚೆಯೇ ಆಗಬೇಕು. ಪತ್ರ ಸಿಕ್ಕಿತೆಂದರೆ ಒಬ್ಬರೇ ಹೋಗಬಹುದೆಂದಲ್ಲ, ಒಳಗೆ ಯಾವಾಗಲೂ ಇಬ್ಬರಿರಬೇಕು. ನನ್ನ ಮೊದಲ ಕೊಳವೆಗಳು ಈಗ 37 ಡಿಗ್ರಿಯಲ್ಲಿ ಒಂಬತ್ತನೆಯ ದಿನದಲ್ಲಿವೆ. ಈ ಬ್ಯಾಕ್ಟೀರಿಯಾ ಒಂದು ಎರಡಾಗಲು ಸುಮಾರು ಒಂದು ದಿನವೇ ಬೇಕು, ಬೆಳೆದಿಲ್ಲ ಎಂದು ಖಚಿತವಾಗಿ ಹೇಳಲು 42 ದಿನ ಕಾಯಬೇಕು. ಮೊನ್ನೆ ಅಮ್ಮ ಫೋನು ಮಾಡಿ, "ಬೆಳೀತಾ?" ಎಂದು ಕೇಳಿದರು. ಇನ್ನೂ ಇಲ್ಲ ಎಂದೆ.